ಗಾಳಿಗೆ ಅಡ್ಡ ನಿಲ್ಲಬೇಡಿ, ದಾರಿ ಬಿಡಿ

ಕಳೆದ ದಸರಾ ರಜೆಗೆ ಬೆಂಗಳೂರಿಂದ ಹುಬ್ಬಳ್ಳಿಗೆ ಬೈಕಲ್ಲೇ ಊರಿಗೆ ಹೋದೆ. ಲಾಂಗ್ ರೈಡ್ ಅಂತ ಹಿಂದಿನ ದಿನವೇ ಎತ್ತರದ ವಿಂಡ್‌ಶೀಲ್ಡ್ ಒಂದನ್ನ ಹಾಕಿಸಿದ್ದೆ. ತುಮಕೂರು ದಾಟಿ ಸ್ಪೀಡು 80 ಮುಟ್ಟಿತು ನೋಡಿ, ಹಿಂದೆ ಯಾರೋ ಕೂತು ಹೆಲ್ಮೆಟ್ ಹಿಡಿದು ಅಲ್ಲಾಡಿಸ್ತಾ ಇದಾರೆ ಅನ್ನೋ ಹಾಗೆ ಶುರುವಾಯ್ತು. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣೋ ಹೊತ್ತಿಗೆ ಕತ್ತು ಬಿಗಿದು, ದೂರದ ಬೋರ್ಡಿನ ಅಕ್ಷರ ಎರಡೆರಡಾಗಿ ಕಾಣ್ತಿತ್ತು. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಅನ್ನೋ ಗಾದೆ ಇದೆಯಲ್ಲ, ನಾನು ದುಡ್ಡು ಕೊಟ್ಟು ಗಾಳಿ ಕೈಲಿ ಗುದ್ದಿಸಿಕೊಂಡಿದ್ದೆ.

ಹೆದ್ದಾರಿ ಪಕ್ಕ ಟೀ ಕುಡಿಯುವಾಗ ಒಂದು ಪ್ರಯೋಗ ಮಾಡೋಣ ಅನ್ನಿಸಿತು. ನಾಲ್ಕು ಬೋಲ್ಟು ಬಿಚ್ಚಿ ಶೀಲ್ಡನ್ನು ಬ್ಯಾಗಿಗೆ ಕಟ್ಟಿ ಹೊರಟೆ. ಎದೆಗೆ ಗಾಳಿ ಜೋರಾಗಿ ಹೊಡೀತು, ಆದರೆ ತಲೆ ಅಲುಗಾಟ ನಿಂತೇ ಹೋಯ್ತು! ಅಂದರೆ ಕಾಯಿಲೆ ಗಾಳಿಯದ್ದಲ್ಲ, ಔಷಧಿಯದ್ದು.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ನಾವೆಲ್ಲ ಫ್ಲೂಯಿಡ್ ಮೆಕ್ಯಾನಿಕ್ಸ್ ಪರೀಕ್ಷೆಯಲ್ಲಿ ಬರೆದು ಮರೆತ ವಿಷಯವೇ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಆ ವೇಗಕ್ಕೆ ಡೈನಾಮಿಕ್ ಪ್ರೆಶರ್ ಸುಮಾರು 270 ಪಾಸ್ಕಲ್. ಎದೆ-ಭುಜದ ಭಾಗ ಅರ್ಧ ಚದರ ಮೀಟರ್ ಅಂತಿಟ್ಟುಕೊಂಡರೆ 14 ಕೆ.ಜಿ.ಯಷ್ಟು ತಳ್ಳು. ಕಮ್ಮಿ ಏನಲ್ಲ, ಆದರೆ ಒಂದೇ ಸಮನಾಗಿ ಬರುತ್ತೆ. ಸ್ವಲ್ಪ ಮುಂದೆ ಬಾಗಿ ಕೂತರೆ ಮೈ ಒಗ್ಗಿಕೊಳ್ಳುತ್ತೆ. ಒಗ್ಗದೇ ಇರೋದು ಏರಿಳಿತ. ಶೀಲ್ಡಿನ ಅಂಚಿನಲ್ಲಿ ಗಾಳಿ ಹರಿವು ಕಿತ್ತುಕೊಂಡು ಸುಳಿಗಳಾಗಿ ಒಡೆಯುತ್ತೆ. 40 ಸೆಂ.ಮೀ. ಅಗಲದ ಹಲಗೆ, ಸ್ಟ್ರೌಹಾಲ್ ನಂಬರ್ 0.15 ಅಂತ ಹಿಡಿದು ಒರಟು ಲೆಕ್ಕ ಹಾಕಿ: ಸೆಕೆಂಡಿಗೆ ಸುಮಾರು 8 ಸುಳಿ. ಅವು ಹಾದುಹೋಗುವ ಜಾಗದಲ್ಲೇ ನಿಮ್ಮ ಹೆಲ್ಮೆಟ್ ಇದ್ದರೆ? ಅದೇ ಬಫೆಟಿಂಗ್.

ಇನ್ನೊಂದು ಸಂಗತಿ, ಶೀಲ್ಡಿನ ಬೆನ್ನಿಗೆ ಒತ್ತಡ ಕಮ್ಮಿ ಇರುತ್ತೆ. ಆ ಖಾಲಿ ತುಂಬೋಕೆ ಮೇಲಿಂದ, ಪಕ್ಕದಿಂದ ಗಾಳಿ ಒಳಕ್ಕೆ ನುಗ್ಗುತ್ತೆ. ಶೀಲ್ಡ್ ದೊಡ್ಡದಾದಷ್ಟೂ ಖಾಲಿ ದೊಡ್ಡದು. ಅದಕ್ಕೇ ಅನೇಕ ಟೂರಿಂಗ್ ಬೈಕುಗಳಲ್ಲಿ ಶೀಲ್ಡಿನ ಬುಡದಲ್ಲಿ ಬೇಕಂತಲೇ ಒಂದು ಸಂದು ಬಿಟ್ಟಿರ್ತಾರೆ. ಕೆಳಗಿಂದ ಸ್ವಲ್ಪ ಗಾಳಿ ಒಳಗೆ ಬಿಟ್ಟರೆ ಮೇಲಿನ ಗಾಳಿ ಅಷ್ಟು ರಭಸವಾಗಿ ಒಳಕ್ಕೆ ಮಗುಚಲ್ಲ.

ನನ್ನ ತಕರಾರು ಇಷ್ಟೇ. ನಮ್ಮ ಪಾರ್ಕಿಂಗ್‌ನಲ್ಲಿ ಒಂದು ಸುತ್ತು ಹಾಕಿ, ಎಷ್ಟು ಬೈಕಿಗೆ ಎತ್ತರದ ಶೀಲ್ಡು, ಅದರ ಮೇಲೊಂದು ಸ್ಪಾಯ್ಲರ್! ಎಲ್ಲಾ 'ಸೂಪರ್ ಮಗಾ' ಅಂತ ಯಾರೋ ಹೇಳಿದ್ದಕ್ಕೆ ತಂದಿದ್ದು. ಹೇಳಿದವನ ಎತ್ತರ 5 ಅಡಿ 6 ಅಂಗುಲ, ತಂದವನದ್ದು 6 ಅಡಿ. ಅವನ ತಲೆಗೆ ನೆಮ್ಮದಿ ಕೊಟ್ಟ ಶೀಲ್ಡು ಇವನ ಹೆಲ್ಮೆಟ್ಟಿಗೆ ನೇರವಾಗಿ ಸುಳಿ ಎಸೆಯುತ್ತೆ. ಬಿಎಂಡಬ್ಲ್ಯು 1976ರಲ್ಲಿ ಆರ್100ಆರ್‌ಎಸ್ ಬೈಕಿನ ಫೇರಿಂಗ್ ರೂಪಿಸಿದ್ದು ಇಟಲಿಯ ಪಿನಿನ್‌ಫರಿನಾ ವಿಂಡ್ ಟನೆಲ್‌ನಲ್ಲಿ ಪರೀಕ್ಷೆ ಮಾಡಿ. ನಾವೋ, ಎಂಜಿನಿಯರಿಂಗ್ ಓದ್ತಾ ಕಣ್ಣಳತೆಯಲ್ಲಿ ಕೊಳ್ತೀವಿ.

ಹಾಗಾದರೆ ಏನು ಮಾಡಬೇಕು? ಮೊದಲು ಖರ್ಚಿಲ್ಲದ ಪರೀಕ್ಷೆ. ಖಾಲಿ, ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗ್ತಾ ಬೆನ್ನು ನೆಟ್ಟಗೆ ಮಾಡಿ ತಲೆ ಸ್ವಲ್ಪ ಎತ್ತಿ. ಅಲುಗಾಟ ನಿಂತರೆ ನಿಮಗೆ ಬೇಕಿರೋದು ಇನ್ನೂ ಗಿಡ್ಡ ಶೀಲ್ಡು. ತಗ್ಗಿದಾಗ ನಿಂತರೆ ಎತ್ತರದ್ದು. ಆಮೇಲೆ ಬುಡದ ಬೋಲ್ಟಿಗೆ ಸ್ಪೇಸರ್ ಹಾಕಿ ಎರಡು ಬೆರಳು ಸಂದು ಮಾಡಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ; ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ನಾನು ಹುಬ್ಬಳ್ಳಿಯಲ್ಲಿ ಸಂದು ಬಿಟ್ಟೆ, ಸಾಲಲಿಲ್ಲ. ಆಮೇಲೆ ಮೇಲಿಂದ 5 ಸೆಂ.ಮೀ. ಕತ್ತರಿಸಿದೆ. ವಾಪಸ್ ಬರುವಾಗ ಭುಜಕ್ಕೆ ಗಾಳಿ ಬಡೀತಿತ್ತು, ತಲೆ ಮಾತ್ರ ನೆಟ್ಟಗಿತ್ತು.

ಆದರೂ ಸದ್ದು ಉಳೀತು. ಶೀಲ್ಡ್ ಸರಿಮಾಡಿದವರು ಸಾಮಾನ್ಯವಾಗಿ ಮರೆಯೋದು ಇದನ್ನೇ. ಹೆದ್ದಾರಿ ವೇಗದಲ್ಲಿ ಹೆಲ್ಮೆಟ್ ಒಳಗೆ ಸದ್ದು 90 ಡೆಸಿಬೆಲ್ ದಾಟೋದು ಮಾಮೂಲು. ಕೆಲಸದ ಜಾಗಗಳಿಗೆ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಸಮಯ ಅರ್ಧ. ಅಂದರೆ 91ಕ್ಕೆ 2 ಗಂಟೆ. ಚಿತ್ರದುರ್ಗ ಮುಟ್ಟೋ ಮೊದಲೇ ನಿಮ್ಮ ಕಿವಿಯ ಆ ದಿನದ ಕೋಟಾ ಮುಗೀತು. ಕತ್ತು ನೋವು ಎರಡು ದಿನಕ್ಕೆ ಹೋಗುತ್ತೆ, ಸತ್ತ ಕಿವಿಯ ನರ ತಿರುಗಿ ಬರಲ್ಲ. ಫೋಮ್ ಇಯರ್‌ಪ್ಲಗ್ ಒಂದು ಟೀ ಬೆಲೆಗೆ ಸಿಗುತ್ತೆ. ಹಾರ್ನ್ ಕೇಳಲ್ಲ ಅನ್ನೋ ಭಯ ಬೇಡ, ಗಾಳಿಯ ಗದ್ದಲ ಇಳಿದಾಗ ಹಾರ್ನೂ ಬೇರೆಯಾಗಿ ಕೇಳುತ್ತೆ. ಹಾಡು ಕೇಳೋ ಇಯರ್‌ಫೋನ್ ಬೇರೆ ಮಾತು, ಅದು ಬೇಡವೇ ಬೇಡ.

ಕೊನೆಗೊಂದು ಬೇಡಿಕೆ. ನಮ್ಮ ಲ್ಯಾಬಿನ ವಿಂಡ್ ಟನೆಲ್ ಸೆಮಿಸ್ಟರಿಗೆ ಎರಡು ದಿನ ಓಡುತ್ತೆ, ಅದೂ ರೆಕಾರ್ಡ್ ಬರೆಯೋಕೆ. ಅದರಲ್ಲಿ ಏರೋಫಾಯಿಲ್ ಜೊತೆಗೆ ಒಂದು ಪುಟ್ಟ ಶೀಲ್ಡಿನ ಮಾದರಿ, ಅದರ ಹಿಂದೊಂದು ಹೆಲ್ಮೆಟ್ಟಿನ ಮಾದರಿ ಇಟ್ಟರೆ ಏನು ಕಳ್ಕೊಳ್ತೀವಿ? ಅಲ್ಲೀತನಕ, ಮನೆಯಲ್ಲಿ ಉಳಿದ ಉಲ್ಲನ್ ದಾರ ತಂದು ಬೆರಳುದ್ದದ ತುಂಡುಗಳನ್ನ ಶೀಲ್ಡಿಗೆ ಟೇಪಲ್ಲಿ ಅಂಟಿಸಿ. ಪಕ್ಕದ ಬೈಕಿನ ಹಿಂದೆ ಕೂತ ಗೆಳೆಯ ವಿಡಿಯೋ ಮಾಡಲಿ. ದಾರ ನೆಟ್ಟಗೆ ಮಲಗಿದರೆ ಗಾಳಿ ಸಲೀಸಾಗಿ ಹೋಗ್ತಿದೆ ಅಂತ ಅರ್ಥ. ಒದ್ದಾಡ್ತಿದ್ದರೆ ಸುಳಿ ಅಲ್ಲೇ ಹುಟ್ತಿದೆ. ಹೊಸ ಶೀಲ್ಡು ಆರ್ಡರ್ ಮಾಡೋ ಮುಂಚೆ ಆ ವಿಡಿಯೋ ಒಂದ್ಸಲ ನೋಡಿ.