ಪಕ್ಕದ ಆಸನ

ಚನ್ನಪಟ್ಟಣದ ಬೊಂಬೆ ಕೆಲಸಗಾರನು ಮಗನ ಕೈಗೆ ಮೊದಲ ದಿನವೇ ಉಳಿಯನ್ನು ಕೊಟ್ಟು ಪೇಟೆಗೆ ಹೊರಟುಹೋಗುವುದಿಲ್ಲ. ಆಲೆಮರದ ತುಂಡು ಯಂತ್ರಕ್ಕೆ ಸಿಕ್ಕಿ ಗಿರ್ರನೆ ತಿರುಗುವಾಗ ಉಳಿಯನ್ನು ಹೇಗೆ ಹಿಡಿಯಬೇಕು, ಅರಗಿನ ಕಡ್ಡಿಯನ್ನು ಎಷ್ಟು ಒತ್ತಬೇಕು, ಕೇದಗೆಯ ಗರಿಯಿಂದ ಯಾವಾಗ ಉಜ್ಜಿದರೆ ಹೊಳಪು ಬರುತ್ತದೆ ಎಂಬುದನ್ನು ಹುಡುಗನು ಬಹುದಿನ ಪಕ್ಕದಲ್ಲಿ ಕುಳಿತು ನೋಡುತ್ತಾನೆ. ಅನಂತರ ಉಳಿ ಅವನ ಕೈಗೆ ಬರುತ್ತದೆ. ಆಗ ಪಕ್ಕದಲ್ಲಿ ಕೂರುವ ಸರದಿ ತಂದೆಯದು. ರಾಮನಗರದಲ್ಲಿ ರೇಷ್ಮೆನೂಲು ತೆಗೆಯುವವರ ಮನೆಗಳಲ್ಲಿಯೂ ಇದೇ ಕ್ರಮ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿಯನ್ನು ಹುಡುಕುವ ಬೆರಳು ಒಂದು ವಾರದಲ್ಲಿ ಪಳಗುವುದಲ್ಲ.

ಒಂದು ಬೊಂಬೆಗೆ, ಒಂದು ಎಳೆ ನೂಲಿಗೆ ಇಷ್ಟು ತಾಳ್ಮೆಯನ್ನು ತೋರುವ ಜನ ಮೋಟಾರು ಸೈಕಲ್ಲಿನ ವಿಷಯದಲ್ಲಿ ಮಾತ್ರ ಏಕೆ ಅವಸರಪಡುತ್ತಾರೆ? ಕೈ ತಪ್ಪಿದರೆ ಅಲ್ಲಿ ಹಾಳಾಗುವುದು ಒಂದು ಮರದ ತುಂಡು. ಇಲ್ಲಿ ಹೋಗುವುದು ಪ್ರಾಣ. ಆದರೂ ಮಾಗಡಿ, ಕನಕಪುರಗಳ ಸುತ್ತಿನ ಹಳ್ಳಿಗಳಲ್ಲಿ ಹದಿನಾಲ್ಕು ಹದಿನೈದರ ಹುಡುಗನು ಹಾಲಿನ ಕ್ಯಾನನ್ನು ತೂಗುಹಾಕಿಕೊಂಡು ಡೈರಿಗೆ ಗಾಡಿ ಓಡಿಸುವುದು ಯಾರಿಗೂ ಆಶ್ಚರ್ಯದ ಸಂಗತಿಯಾಗಿ ಉಳಿದಿಲ್ಲ. ಅವನಿಗೆ ಬೀಗದ ಕೈಯನ್ನು ಕೊಟ್ಟವರು ಮನೆಯ ಹಿರಿಯರೇ. ಅವನು ಬಿದ್ದು ಬಂದ ದಿನ ಗದರಿಸುವವರೂ ಅವರೇ!

ಇದರಲ್ಲಿ ಬಡತನದ, ದುಡಿಮೆಯ ಒತ್ತಡವೂ ಇದೆ; ಅದನ್ನು ಹೀಯಾಳಿಸಲಾಗದು. ಹಾಲು ಹೊತ್ತಿಗೆ ಸರಿಯಾಗಿ ತಲುಪಬೇಕು, ಗೂಡು ಮಾರುಕಟ್ಟೆಗೆ ಹೋಗಬೇಕು. ಕಾಲೇಜು ಬಿಟ್ಟಮೇಲೆ ಊರಿಗೆ ಬಸ್ಸು ದೊರೆಯದಿದ್ದರೆ ಹುಡುಗರು ಒಂದೇ ಗಾಡಿಯ ಮೇಲೆ ಮೂವರು ಹತ್ತುತ್ತಾರೆ. ಆದುದರಿಂದ ಯುವಕರ ಸುರಕ್ಷತೆಯ ಮಾತನ್ನು ಆಡುವವರು ಸಂಜೆಯ ಬಸ್ಸಿನ ಮಾತನ್ನೂ ಆಡಬೇಕಾಗುತ್ತದೆ.

ಕಾಯಿದೆಯನ್ನು ಬರೆದವರು ಈ ಪಕ್ಕದ ಆಸನವನ್ನು ಮರೆತಿರಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯಂತೆ ಹದಿನೆಂಟು ತುಂಬಿದವರಿಗೆ ಮೊದಲು ದೊರೆಯುವುದು ಕಲಿಯುವವರ ಲೈಸೆನ್ಸು. ಜನರ ಬಾಯಲ್ಲಿ ಅದು ಎಲ್.ಎಲ್.ಆರ್. ಹದಿನಾರಕ್ಕೆ ಅನುಮತಿ ಇರುವುದು 50 ಸಿ.ಸಿ.ಯನ್ನು ಮೀರದ, ಗೇರಿಲ್ಲದ ಗಾಡಿಗೆ ಮಾತ್ರ. ಇಂದು ಬೀದಿಯಲ್ಲಿ ಕಾಣುವ ಪೆಟ್ರೋಲ್ ಸ್ಕೂಟರುಗಳು ಬಹುಮಟ್ಟಿಗೆ ಅದನ್ನು ಮೀರಿದವು. ಗೇರಿಲ್ಲವೆಂಬ ಮಾತ್ರಕ್ಕೆ ಅವುಗಳಿಗೆ ರಿಯಾಯಿತಿ ಇಲ್ಲ. ಎಲ್.ಎಲ್.ಆರ್. ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನ ಕಳೆಯುವವರೆಗೆ ಪರೀಕ್ಷೆಗೆ ಹೋಗುವಂತಿಲ್ಲ. ಆ ಕಾಲದಲ್ಲಿ ಗಾಡಿಗೆ ಬಿಳಿಯ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರವಿರಬೇಕು. ಕಾರಿನಲ್ಲಿ ಲೈಸೆನ್ಸು ಪಡೆದ ಬೋಧಕನು ಗಾಡಿಯನ್ನು ತಡೆಯಬಲ್ಲ ಸ್ಥಳದಲ್ಲಿ ಕುಳಿತಿರಬೇಕು. ಮೋಟಾರು ಸೈಕಲ್ಲಿನಲ್ಲಿ ಕಲಿಯುವವನ ಹಿಂದೆ ಬೋಧಕನ ಹೊರತು ಗೆಳೆಯರಾರೂ ಕೂರುವಂತಿಲ್ಲ.

ಈ ಮೂವತ್ತು ದಿನಗಳು ಕಲಿಕೆಗಾಗಿ ಇರುವಂಥವು. ಆದರೆ ಹೆಚ್ಚಿನವರ ಪಾಲಿಗೆ ಅವು ಕಾಗದ ಬರುವ ತನಕ ಕಾಯುವ ದಿನಗಳು ಮಾತ್ರ. ಕೊನೆಗೆ ಪರೀಕ್ಷೆಯ ದಿನ ಮೈದಾನದಲ್ಲಿ ಎಂಟರ ಅಂಕಿಯಂತೆ ಗಾಡಿಯನ್ನು ತಿರುಗಿಸಿ, ಕಾಲು ನೆಲಕ್ಕೆ ತಾಗದಿದ್ದರೆ ಗೆದ್ದಂತೆ ಭಾವಿಸುತ್ತಾರೆ. ಎಂಟು ಹಾಕುವುದು ತೋಲನದ ಪರೀಕ್ಷೆ. ಮುಸ್ಸಂಜೆಯಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರೊಂದು ಎದುರಿಗಿದ್ದರೆ ಏನು ಮಾಡಬೇಕೆಂಬುದನ್ನು ಅದು ಕಲಿಸುವುದಿಲ್ಲ. ಸುಗ್ಗಿಯ ಕಾಲದಲ್ಲಿ ಟಾರು ರಸ್ತೆಯ ಮೇಲೆಯೇ ರಾಗಿಯನ್ನೋ ಹುರುಳಿಯನ್ನೋ ಹರಡಿರುತ್ತಾರೆ. ಆ ಹುಲ್ಲಿನ ಮೇಲೆ ಬ್ರೇಕು ಒತ್ತಿದರೆ ಚಕ್ರ ಜಾರುತ್ತದೆ. ಸಾವನದುರ್ಗದ, ಮಂಚನಬೆಲೆಯ ತಿರುವುಗಳಲ್ಲಿ ಎದುರಿನ ವಾಹನ ಕಣ್ಣಿಗೆ ಬೀಳುವ ವೇಳೆಗೆ ಅದು ಸಮೀಪಿಸಿಯೇ ಬಿಟ್ಟಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂಬ ವಿಜ್ಞಾನದ ಪಾಠವನ್ನು ತಿರುವಿನಲ್ಲಿ ನೆನಪಿಸಲು ಪಕ್ಕದಲ್ಲಿ ಒಬ್ಬರು ಬೇಕು. “ನಿಧಾನ ಮಗಾ, ಮುಂದೆ ತಿರುವಿದೆ” ಎಂಬ ಒಂದು ಮಾತು ಆಗ ಬಹು ದೊಡ್ಡದು.

ದಂಡವನ್ನು ಹೆಚ್ಚಿಸಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರಿದ್ದಾರೆ. 2019ರ ತಿದ್ದುಪಡಿ ಅದನ್ನೂ ಮಾಡಿದೆ: ಅಪ್ರಾಪ್ತ ವಯಸ್ಕನು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆಮನೆ, 25,000 ರೂಪಾಯಿ ದಂಡ, ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಎಲ್.ಎಲ್.ಆರ್. ಕೂಡ ಇಲ್ಲ. ಬೀಗದ ಕೈ ಕೊಟ್ಟವರನ್ನೇ ಹೊಣೆಯಾಗಿಸಿದ್ದು ನ್ಯಾಯವೇ. ಆದರೆ ಶಿಕ್ಷೆಯ ಭಯ ಹುಡುಗನನ್ನು ಮನೆಯಲ್ಲಿ ನಿಲ್ಲಿಸೀತೇ ಹೊರತು ಅವನಿಗೆ ಓಡಿಸುವುದನ್ನು ಕಲಿಸಲಾರದು.

ಹೊರದೇಶದವರು ಇದಕ್ಕೊಂದು ಮಾರ್ಗವನ್ನು ಕಂಡುಕೊಂಡಿದ್ದಾರೆ. ನ್ಯೂಜಿಲೆಂಡ್ 1987ರಲ್ಲಿ ಲೈಸೆನ್ಸನ್ನು ಮೆಟ್ಟಿಲುಗಳಲ್ಲಿ ಕೊಡುವ ಪದ್ಧತಿಯನ್ನು ತಂದಿತು. ಅಲ್ಲಿ ಕಲಿಕೆ ಮುಗಿದವನಿಗೂ ಒಮ್ಮೆಲೇ ಪೂರ್ಣ ಸ್ವಾತಂತ್ರ್ಯ ದೊರೆಯುವುದಿಲ್ಲ. ನಡುವಣ ಮೆಟ್ಟಿಲಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಅನುಭವಸ್ಥರಿಲ್ಲದೆ ಗಾಡಿ ಹೊರಡಿಸುವಂತಿಲ್ಲ. ರಾತ್ರಿಯ ಸಂಚಾರವೂ ಗೆಳೆಯರ ಗದ್ದಲವೂ ಹೊಸಬರಿಗೆ ಅಪಾಯಕಾರಿ ಎಂಬ ತಿಳಿವಳಿಕೆ ಇದರ ಹಿಂದಿದೆ. ಅಂಥ ಕಾಯಿದೆ ಇಲ್ಲಿಗೆ ಬರಲಿ, ಬಾರದಿರಲಿ, ಕನಕಪುರದ ಒಂದು ಮನೆ ತನ್ನ ಮಟ್ಟಿಗೆ ಅದನ್ನು ಇಂದೇ ಜಾರಿಗೆ ತರಬಹುದು. ಭಾನುವಾರ ಬೆಳಿಗ್ಗೆ ಬರಿದಾಗಿರುವ ಮೈದಾನಗಳಲ್ಲಿ ಹದಿನೆಂಟು ತುಂಬಿದವರಿಗೆ ಅಭ್ಯಾಸದ ಏರ್ಪಾಡು ಮಾಡುವುದು ಪುರಸಭೆಗಳಿಗೂ ಕಾಲೇಜುಗಳಿಗೂ ಅಸಾಧ್ಯವಲ್ಲ.

ರಸ್ತೆಯೂ ತನ್ನ ಪಾಲನ್ನು ಸಲ್ಲಿಸಬೇಕು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. ನಿಷೇಧ ಸರಿಯಾದುದೇ. ಆದರೆ ರಾಮನಗರ, ಚನ್ನಪಟ್ಟಣಗಳ ಕಡೆಯ ಕಲಿಯುವ ಹುಡುಗನ ಪಾಲಿಗೆ ಈಗ ಉಳಿದಿರುವುದು ಹಳೆಯ ರಸ್ತೆ ಮತ್ತು ಪಕ್ಕದ ಸರ್ವಿಸ್ ರಸ್ತೆ. ಅಲ್ಲಿ ಎದುರು ದಿಕ್ಕಿನಿಂದ ನುಗ್ಗಿ ಬರುವವರನ್ನು ತಡೆಯದೆ, ದೀಪವನ್ನೂ ಸೂಚನಾ ಫಲಕವನ್ನೂ ನೋಡಿಕೊಳ್ಳದೆ ಹುಡುಗರನ್ನು ದೂರುವುದು ಅರ್ಧ ಸತ್ಯವನ್ನು ಹೇಳಿದಂತೆ.

ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಹದಿನೆಂಟು ತುಂಬಲು ಇನ್ನೂ ಮೂರು ನಾಲ್ಕು ವರ್ಷಗಳಿವೆ. ಬೊಂಬೆಯವನ ಮಗನಂತೆ ಅವನಿಗೆ ಇದು ನೋಡಿ ಕಲಿಯುವ ಕಾಲ. ತಂದೆಯ ಹಿಂದೆಯೋ ಅಕ್ಕನ ಹಿಂದೆಯೋ ಕುಳಿತು ಹೋಗುವಾಗ ಲಾರಿಯ ಎಡಬದಿಗೆ ನುಸುಳುವವನು ಚಾಲಕನ ಕಣ್ಣಿಗೆ ಬೀಳದಿರುವುದನ್ನೂ, ನಿಂತ ಬಸ್ಸಿನ ಮುಂದಿನಿಂದ ಮಕ್ಕಳು ಓಡಿಬರುವುದನ್ನೂ ಅವನು ಗಮನಿಸಬಹುದು. ಆಗ ಅವನ ತಲೆಯ ಮೇಲೂ ಹೆಲ್ಮೆಟ್ ಇರಬೇಕು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ರಸ್ತೆ ಅಪಘಾತಗಳಲ್ಲಿ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕುಳಿತಿದ್ದವರು.