ರಕ್ತಸಂಬಂಧವೂ ಮಜ್ಜೆಯ ಸಂಬಂಧವೂ

ಕಾಳಿಘಾಟದಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದರ ಹದಿನಾರರ ಹುಡುಗನಿಗೆ ಅಸ್ಥಿಮಜ್ಜೆ ಬರಡಾಗುವ ಕಾಯಿಲೆ, ಅಂದರೆ ಅಪ್ಲಾಸ್ಟಿಕ್ ಅನೀಮಿಯಾ ಎಂದು ಗೊತ್ತಾದಾಗ ರಕ್ತ ಕೊಡಲು ಬಂಧುಗಳೂ ಸಂಘದ ಮಿತ್ರರೂ ಸಾಲುಗಟ್ಟಿದರು. ವೈದ್ಯರು ನಮ್ಮಂಥವರ ರಕ್ತವನ್ನು ಸ್ವೀಕರಿಸಿ, ಬಂಧುಗಳನ್ನು ಮಾತ್ರ ಹಿಂದಕ್ಕೆ ಕಳುಹಿಸಿದರು. "ಊರವರ ರಕ್ತ ಆಗುತ್ತದೆ, ಒಡಹುಟ್ಟಿದ ಅಕ್ಕನದು ಬೇಡವೇನಪ್ಪಾ?" ಎಂದು ಹುಡುಗನ ಅಜ್ಜಿ ನನ್ನನ್ನು ಕೇಳಿದರು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕಿ ಹೊರಟಾಗ, ಹೊರನಾಡ ಕನ್ನಡಿಗರಾದ ನಾವೆಲ್ಲ ಯೋಚಿಸಬೇಕಾದ ವಿಷಯವೊಂದು ಎದುರಾಯಿತು.

ಈ ಕಾಯಿಲೆಯಲ್ಲಿ ಬಹುಪಾಲು ಸಂದರ್ಭಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪುತಿಳಿದು, ರಕ್ತವನ್ನು ಹುಟ್ಟಿಸುವ ಮಜ್ಜೆಯ ಮೂಲಕೋಶಗಳ ಮೇಲೆ ಎರಗುತ್ತದೆ. ತನ್ನದು ಯಾವುದು, ಪರಕೀಯ ಯಾವುದು ಎಂದು ಆ ವ್ಯವಸ್ಥೆ ಗುರುತಿಸುವುದು ಜೀವಕೋಶಗಳ ಮೇಲಿರುವ ಎಚ್.ಎಲ್.ಎ. ಎಂಬ ಗುರುತುಗಳಿಂದ. ಫ್ರಾನ್ಸಿನ ಜ್ಯಾಂ ದೊಸ್ಸೆ 1958ರಲ್ಲಿ ಇವುಗಳಲ್ಲಿ ಮೊದಲನೆಯದನ್ನು ವಿವರಿಸಿ, 1980ರಲ್ಲಿ ಇತರ ಇಬ್ಬರೊಡನೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಇವುಗಳ ವಂಶವಾಹಿಗಳು ಆರನೆಯ ವರ್ಣತಂತುವಿನಲ್ಲಿವೆ; ಒಂದು ಕಟ್ಟು ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತದೆ. ಡಿ.ಆರ್.15 ಎಂಬ ಗುರುತು ಈ ರೋಗಿಗಳಲ್ಲಿ ಉಳಿದವರಿಗಿಂತ ಹೆಚ್ಚಾಗಿ ಕಾಣುವುದನ್ನು ಜಪಾನ್, ಅಮೆರಿಕಗಳ ಸಂಶೋಧಕರು ದಾಖಲಿಸಿದ್ದಾರೆ. ಪಶ್ಚಿಮ ದೇಶಗಳಿಗಿಂತ ಏಷ್ಯಾದಲ್ಲಿ ಕಾಯಿಲೆ ಎರಡು ಮೂರು ಪಟ್ಟು ಹೆಚ್ಚು.

ಇಲ್ಲಿಯೇ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ಡಿ.ಆರ್.15 ಹೊತ್ತವರು ಕೋಟಿಗಟ್ಟಲೆ ಇದ್ದಾರೆ. ವರ್ಷವೊಂದಕ್ಕೆ ಹತ್ತು ಲಕ್ಷ ಜನರಲ್ಲಿ ಕಾಯಿಲೆ ಬೀಳುವವರಾದರೋ ಬೆರಳೆಣಿಕೆಯವರು. ಒಲವು ಬೇರೆ, ಹಣೆಬರಹ ಬೇರೆ. ಜಾತಕ ನೋಡದೆ ಹೆಣ್ಣು ಕೊಡದ ನಮ್ಮ ಸಮಾಜ ನಾಳೆ ಈ ಗುರುತುಗಳನ್ನೂ ಹದಿಮೂರನೆಯ ರಾಶಿಯಾಗಿ ಮಾಡಿಕೊಂಡರೆ ಅದು ವಿಜ್ಞಾನಕ್ಕೆ ಮಾಡುವ ಅವಮಾನ.

ಇನ್ನು ಅಜ್ಜಿಯ ಪ್ರಶ್ನೆ. ಮಜ್ಜೆಯ ಕಸಿಗೆ ಎಚ್.ಎಲ್.ಎ. ಹೊಂದಬೇಕು, ದಾನಿಯಾಗಬಲ್ಲವರು ಮೊದಲು ಒಡಹುಟ್ಟಿದವರು. ಅವರ ರಕ್ತವನ್ನು ಮುಂಚೆಯೇ ಕೊಟ್ಟರೆ ರೋಗಿಯ ದೇಹ ಅದರ ವಿರುದ್ಧ ಸಜ್ಜಾಗಿ, ಮುಂದೆ ಅವರ ಮಜ್ಜೆಯನ್ನೇ ತಿರಸ್ಕರಿಸಬಹುದು. ಅಕ್ಕನ ರಕ್ತವನ್ನು ಬೇಡವೆಂದದ್ದು ಆಕೆಯ ಮಜ್ಜೆಯನ್ನು ಕಾಯ್ದಿರಿಸುವುದಕ್ಕಾಗಿ. ಆದರೆ ಒಬ್ಬ ಸಹೋದರ ಅಥವಾ ಸಹೋದರಿ ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಅಜ್ಜಿಯ ಕಾಲದಂತೆ ಆರು ಮಂದಿ ಒಡಹುಟ್ಟಿದವರಿದ್ದರೆ ಅವರಲ್ಲಿ ಒಬ್ಬರಾದರೂ ಹೊಂದುವ ಸಾಧ್ಯತೆ ನೂರಕ್ಕೆ 82, ಇಬ್ಬರಿದ್ದರೆ 44, ಒಬ್ಬರೇ ಇದ್ದರೆ 25. ಹುಡುಗನಿಗೆ ಇದ್ದವಳು ಒಬ್ಬಳೇ ಅಕ್ಕ, ಅವಳದು ಹೊಂದಲಿಲ್ಲ. ಅರ್ಧ ಹೊಂದುವ ತಂದೆತಾಯಿಯರಿಂದಲೂ ಇಂದು ಕಸಿ ಸಾಧ್ಯವಿದೆ. ಆದರೂ ಪೂರ್ಣ ಹೊಂದಾಣಿಕೆಗೆ ಮೊದಲ ಮನ್ನಣೆ.

ಅಲ್ಲಿಂದ ಮುಂದೆ ಅಪರಿಚಿತ ದಾನಿಯೇ ಗತಿ. ಭಾರತದ ಮೊದಲ ಮಜ್ಜೆಯ ಕಸಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. ಚೆನ್ನೈಯ ದಾತ್ರಿ ದಾನಿಪಟ್ಟಿ ಆರಂಭವಾದದ್ದು 2009ರಲ್ಲಿ. ಜಗತ್ತಿನ ಪಟ್ಟಿಗಳಲ್ಲಿ ಈಗ ನಾಲ್ಕು ಕೋಟಿ ಹೆಸರುಗಳಿವೆ. 140 ಕೋಟಿಯ ಈ ದೇಶದ ಪಾಲು ಅದರಲ್ಲಿ ತೀರ ಅಲ್ಪ. ಶತಮಾನಗಳಿಂದ ಸ್ವಜಾತಿಯೊಳಗೇ ಮದುವೆಯಾಗುತ್ತ ಬಂದ ನಮ್ಮಲ್ಲಿ ಗುರುತುಗಳು ಚಿಕ್ಕ ಚಿಕ್ಕ ಗುಂಪುಗಳಾಗಿ ಹಂಚಿಹೋಗಿವೆ. ಜರ್ಮನಿಯ ಪಟ್ಟಿಯಲ್ಲಿ ನಮಗೆ ಹೊಂದುವವರು ಸಿಗುವುದು ಕಷ್ಟ.

ಹಾಗಾದರೆ ಕನ್ನಡಿಗರದೇ ಒಂದು ಪಟ್ಟಿ ಮಾಡೋಣವೆಂದು ನಮ್ಮ ಸಭೆಯಲ್ಲಿ ಸಲಹೆ ಬಂತು. ನಾನು ಅದನ್ನು ಒಪ್ಪಲಾರೆ. ಕನ್ನಡ ನಮ್ಮ ನುಡಿ. ಅದು ನಮ್ಮ ಮಜ್ಜೆಯ ಗುರುತಲ್ಲ. ಕೊಡಗಿನವರಿಗೂ ಬೀದರಿನವರಿಗೂ ಭಾಷೆ ಹೊಂದಿದಂತೆ ಎಚ್.ಎಲ್.ಎ. ಹೊಂದಬೇಕೆಂದಿಲ್ಲ. ಬೀದರಿನ ಮಗುವಿಗೆ ಗಡಿಯಾಚೆಯ ನಾಂದೇಡಿನವನು ಹೊಂದಬಹುದು; 1956ರ ಗಡಿರೇಖೆಯನ್ನು ವಂಶವಾಹಿಗಳು ಓದಿಲ್ಲ. ನಾವು ಸೇರಬೇಕಾದದ್ದು ಸರ್ವರ ಪಟ್ಟಿಗೆ, ಹೆಚ್ಚು ಹೆಚ್ಚು ಸಂಖ್ಯೆಯಲ್ಲಿ.

ಭಯವೊಂದು ಅಡ್ಡ ನಿಂತಿದೆ. ಬೆನ್ನುಹುರಿಗೆ ಸೂಜಿ ಚುಚ್ಚುತ್ತಾರೆಂಬ ಮಾತು ಸುಳ್ಳು. ಹೆಸರು ನೋಂದಾಯಿಸಲು ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರೆಸಿ ಕೊಟ್ಟರೆ ಸಾಕು. ಮುಂದೆ ಕರೆ ಬಂದರೆ, ಕೆಲವು ದಿನ ಚುಚ್ಚುಮದ್ದು ಪಡೆದು ತೋಳಿನ ರಕ್ತದಿಂದ ಮೂಲಕೋಶಗಳನ್ನು ಬೇರ್ಪಡಿಸುತ್ತಾರೆ. ಇಲ್ಲವೇ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ. ಅದು ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಆದರೂ ರಾಜ್ಯೋತ್ಸವದ ಗದ್ದಲದಲ್ಲಿ ಶಿಬಿರ ನಡೆಸಿ ಸಂಖ್ಯೆ ಘೋಷಿಸುವುದು ನನಗೆ ಸಮ್ಮತವಲ್ಲ. ಕಸಿಗೆ ಮುನ್ನ ರೋಗಿಯ ಉಳಿದ ಮಜ್ಜೆಯನ್ನೂ ತೀವ್ರ ಔಷಧಗಳಿಂದ ಅಳಿಸುತ್ತಾರೆ. ಆ ಘಳಿಗೆಯಲ್ಲಿ ದಾನಿ ಹಿಂಜರಿದರೆ ರೋಗಿಗೆ ಸಾವು ಬರಬಹುದು. ಉತ್ಸಾಹದಲ್ಲಿ ಹೆಸರು ಬರೆಸಿ, ಮನೆಯವರ ಮಾತಿಗೆ ಮಣಿದು ಹಿಂದೆ ಸರಿಯುವವರಿಗಿಂತ ಇಂದೇ ಒಲ್ಲೆನೆನ್ನುವವರು ಮೇಲು. ಆದ್ದರಿಂದ ಸಂಘದವರು ಮೊದಲು ಮನೆಮನೆಗೆ ಹೋಗಿ, ಹದಿನೆಂಟು ತುಂಬಿದವರ ಜೊತೆಗೆ ಅವರ ಹೆತ್ತವರನ್ನೂ ಕೂರಿಸಿಕೊಂಡು ಮಾತಾಡಲಿ; ಹತ್ತಿಯ ಕಡ್ಡಿ ಆಮೇಲೆ ಬರಲಿ.

ಹುಡುಗ ಈಗ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಔಷಧಗಳಿಂದ ಚೇತರಿಸಿಕೊಳ್ಳುತ್ತಿದ್ದಾನೆ. ಕಾಯಿಲೆ ಮರುಕಳಿಸಿದರೆ ದಾನಿ ಬೇಕು. ಕಾಳಿ ಮಂದಿರದ ಮಗ್ಗುಲಲ್ಲೇ, ದಿಕ್ಕಿಲ್ಲದವರ ಕೊನೆಗಾಲಕ್ಕೆಂದು 1952ರಲ್ಲಿ ಮದರ್ ತೆರೇಸಾ ತೆರೆದ ನಿರ್ಮಲ ಹೃದಯವಿದೆ. ಅದರ ಮುಂದೆ ದಿನವೂ ನಡೆದುಹೋಗುವ ನಮಗೆ, ಗುರುತಿಲ್ಲದವನಿಗೂ ಬಂಧುವಾಗಬಹುದು ಎಂಬುದನ್ನು ಬೇರೆಯವರು ಹೇಳಿಕೊಡಬೇಕಿಲ್ಲ. ನಾನು ವಯಸ್ಸಿನ ಮಿತಿ ದಾಟಿದವನು. ಮನೆಯ ಮಕ್ಕಳೊಡನೆ ಮಾತಾಡಿದ್ದೇನೆ, ನೀವೂ ಮಾತಾಡಿ.