ಗೆರೆ ಎಳೆಯುವ ಕೆಲಸ

“ಅಜ್ಜ ಬರೀ ಗೆರೆ ಎಳೀತಿದ್ರಂತೆ, ಅದೂ ಒಂದು ಉದ್ಯೋಗವೇ ದೊಡ್ಡಮ್ಮ?” ಶ್ರೀನಗರದ ನಮ್ಮ ಮನೆಯಲ್ಲಿ ಕೂತು ತಂಗಿಯ ಮಗ ನಕ್ಕ. ನನಗೆ ಮೈಯುರಿಯಿತು.

ನನ್ನಪ್ಪ ಮಂಗಳೂರಿನ ಹಳೇ ಬಂದರಿನಲ್ಲಿ ಟ್ಯಾಲಿ ಕ್ಲಾರ್ಕ್. ಧಕ್ಕೆಯ ಬಿಸಿಲಿನಲ್ಲಿ ನಿಂತು ಮಂಜಿಗೆ ಏರುವ, ಇಳಿಯುವ ಮೂಟೆ ಎಣಿಸಬೇಕು. ನಾಲ್ಕು ಗೆರೆ, ಐದನೆಯದು ಅಡ್ಡ. ಹಡಗಿನವರ ಲೆಕ್ಕ, ದಡದವರ ಲೆಕ್ಕ ತಾಳೆಯಾದರೇ ರುಜು. ಮಾಲು ಕಡಿಮೆ ಬಿದ್ದರೆ ಆ ಚೀಟಿಯೇ ಸಾಕ್ಷಿ. ಒಮ್ಮೆ ಎರಡು ಮೂಟೆ ಕಡಿಮೆಯಿದ್ದರೂ ಸರಿಯಿದೆಯೆಂದು ಬರೆಯಲೊಪ್ಪದೆ ಅಪ್ಪ ಕೆಲಸ ಕಳೆದುಕೊಂಡರು. ಅಮ್ಮನ ಬಳೆ ಅಡವಿಗೆ ಹೋಯಿತು. (ಬಿಡಿಸಿಕೊಂಡದ್ದು ನನಗೆ ಸಂಬಳ ಬಂದ ಮೇಲೆ.)

1956ರಲ್ಲಿ ಅಮೆರಿಕದ ಮಾಲ್ಕಮ್ ಮೆಕ್‌ಲೀನ್ 58 ಕಂಟೇನರುಗಳನ್ನು ಹಡಗಿನಲ್ಲಿ ಸಾಗಿಸಿದ. ಆ ಪೆಟ್ಟಿಗೆ ಎಲ್ಲೆಡೆ ಹಬ್ಬಿದ ಮೇಲೆ ಎಣಿಸುವವರು ಬೇಡವಾದರು. ಆಗಲಿ, ಬಿಸಿಲಿನಲ್ಲಿ ನಿಲ್ಲುವುದೇನು ಸುಖವೆ? ಆದರೆ ಮುದ್ರೆ ಹಾಕಿದ ಪೆಟ್ಟಿಗೆಗೆ ಹಡಗಿನವರು ಕೊಡುವ ಕಾಗದದಲ್ಲಿ ಏನಿರುತ್ತದೆ ಗೊತ್ತೆ? ‘ಒಳಗೆ ಇಷ್ಟಿದೆಯೆಂದು ಹೇಳಲಾಗಿದೆ’ ಎಂದು! ಹೇಳಿದವನು ಮಾಲು ಕಳಿಸಿದವನೇ. ಕಣ್ಣಾರೆ ಕಂಡು ರುಜು ಹಾಕುವವನಿಗೆ ಬೆಲೆಯಿಲ್ಲವೆನ್ನುವವರು ಇದಕ್ಕೇನು ಹೇಳುತ್ತಾರೆ?

ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ ಗೀಚುವ ನಮಗೂ ಇದೇ ಮಾತು ತಾನೆ: “ಮನೇಲಿ ನೀನೇನು ಮಾಡ್ತೀಯ?”

ಅಪ್ಪನ ಹಳೇ ಟ್ಯಾಲಿ ಪುಸ್ತಕ ತಂದು ಹುಡುಗನ ಮುಂದಿಟ್ಟೆ. “ಎಣಿಸಪ್ಪ” ಅಂದೆ. ಮೂರನೇ ಪುಟಕ್ಕೇ ತಪ್ಪಿದ.